ಗ್ರಹಯಾನದ ಪಾಠದಲ್ಲಿ ಬಿಟ್ಟುಹೋದ ಭಾಗ

ಗಗನನೌಕೆಗಳ ಮೂಲಕ ನಡೆಯುವ ಗ್ರಹಾನ್ವೇಷಣೆಯನ್ನು ಶಾಲೆಯ ಮಕ್ಕಳಿಗೆ ಯಾಕೆ ಹೇಳಿಕೊಡಬೇಕು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ಮಕ್ಕಳಿಗೆ ಸ್ಫೂರ್ತಿಯಾಗಲಿ ಎಂದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ‘ವಿಕ್ರಮ್’ ಚಂದ್ರನ ಮೇಲೆ ಇಳಿಯುವುದನ್ನು ತೋರಿಸಲೆಂದು, ಶಾಲೆ ಬಿಡುವ ಹೊತ್ತು ಮೀರಿದ ಮೇಲೂ ಮಕ್ಕಳನ್ನು ಪರದೆಯ ಮುಂದೆ ಕೂರಿಸಿಕೊಂಡ ಶಾಲೆಗಳು ದೇಶದ ಉದ್ದಕ್ಕೂ ಇದ್ದವು. ಆ ದಿನವೀಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಭಾಷಣ, ರಸಪ್ರಶ್ನೆ, ಚಿತ್ರಕಲಾ ಸ್ಪರ್ಧೆ, ಥರ್ಮಾಕೋಲಿನ ರಾಕೆಟ್ಟು ಅದಕ್ಕಾಗಿ ಸಿದ್ಧವಾಗುತ್ತವೆ. ಇದೆಲ್ಲದರ ಹಿಂದಿನ ನಂಬಿಕೆಯನ್ನು ನ್ಯಾಯವಾಗಿ ಬಿಡಿಸಿ ಹೇಳಿದರೆ ಅದರಲ್ಲಿ ಮೂರು ಮಾತುಗಳಿವೆ.

1. ಗೆಲುವಿನ ದೃಶ್ಯಗಳೂ ಬೇರೆ ಲೋಕಗಳ ಚಿತ್ರಗಳೂ ಮಗುವಿನಲ್ಲಿ ವಿಜ್ಞಾನದ ಆಸಕ್ತಿಯನ್ನು ಎಬ್ಬಿಸುತ್ತವೆ.

2. ಆ ಯಾನಗಳ ಒಳಗಿನ ಗಣಿತ, ಭೌತವಿಜ್ಞಾನ, ತರ್ಕ ಶಾಲೆಯ ಮಗುವಿಗೆ ಎಟುಕುವಂಥವಲ್ಲ. ಅವೇನಿದ್ದರೂ ಕಾಲೇಜಿನ ವಿಷಯ.

3. ಆದ್ದರಿಂದ ಈಗ ಮಾಹಿತಿ ಮತ್ತು ಹೆಮ್ಮೆ ಕೊಟ್ಟರೆ ಸಾಕು, ವಿಜ್ಞಾನ ಮುಂದೆ ತಾನಾಗಿ ಬರುತ್ತದೆ.

ಇದನ್ನು ಹೇಳುವವರ ಸದುದ್ದೇಶದ ಬಗ್ಗೆ ಸಂಶಯವಿಲ್ಲ. ಬಾಲ್ಯದಲ್ಲಿ ನೋಡಿದ ಒಂದು ಉಡಾವಣೆ ತಮ್ಮ ದಾರಿಯನ್ನು ತೆರೆಯಿತು ಎನ್ನುವ ವಿಜ್ಞಾನಿಗಳು ಹಲವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೂ ಮೊದಲನೆಯ ಮಾತು ಅರ್ಧ ಮಾತ್ರ ನಿಜ, ಎರಡನೆಯದು ಸುಳ್ಳು, ಆದ್ದರಿಂದ ಮೂರನೆಯದಕ್ಕೆ ನೆಲೆಯಿಲ್ಲ ಎಂಬುದು ನನ್ನ ವಾದ. ಇಡೀ ಕಟ್ಟಡ ಎರಡನೆಯ ಮಾತಿನ ಮೇಲೆ ನಿಂತಿರುವುದರಿಂದ ಅಲ್ಲಿಂದಲೇ ತೊಡಗಬೇಕು.

ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದಲ್ಲಿ ಇಳಿಯಿತು ಎಂದು ನಮ್ಮ ಮಕ್ಕಳು ಹೇಳುತ್ತಾರೆ, ಏಕೆಂದರೆ ನಾವು ಹಾಗೆ ಹೇಳಿಕೊಟ್ಟಿದ್ದೇವೆ. ಅದು ಇಳಿದದ್ದು ಸುಮಾರು 69.4 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಧ್ರುವವೆಂದರೆ 90 ಡಿಗ್ರಿ. ಚಂದ್ರನ ತ್ರಿಜ್ಯ 1,737 ಕಿಲೋಮೀಟರ್; ವೃತ್ತದ ಪರಿಧಿಯ ಸೂತ್ರ ಬಲ್ಲ ಏಳನೆಯ ತರಗತಿಯ ಮಗು ಚಂದ್ರನ ಸುತ್ತಳತೆ ಸುಮಾರು 10,900 ಕಿಲೋಮೀಟರ್ ಎಂದು ಕಂಡುಕೊಳ್ಳಬಲ್ಲದು. ಅದನ್ನು 360ರಿಂದ ಭಾಗಿಸಿದರೆ ಡಿಗ್ರಿಗೆ ಸುಮಾರು 30 ಕಿಲೋಮೀಟರ್. ಉಳಿದ 20.6 ಡಿಗ್ರಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು, ಅಂದರೆ ಬೆಂಗಳೂರಿನಿಂದ ಬೆಳಗಾವಿಗಿರುವ ದಾರಿಗಿಂತ ಹೆಚ್ಚು. ಭೂಮಿಯ ಮೇಲೆ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ಉತ್ತರಾರ್ಧದಲ್ಲಿ, ನಾರ್ವೆಯ ಟ್ರೋಮ್ಸೋ ಪಟ್ಟಣವಿದೆ. ಅದನ್ನು ಯಾರೂ ಉತ್ತರ ಧ್ರುವ ಎನ್ನುವುದಿಲ್ಲ. ಈ ಲೆಕ್ಕದಲ್ಲಿ ಕಾಲೇಜಿನದು ಏನೂ ಇಲ್ಲ. ಪೆನ್ಸಿಲು, ಕಾಗದ, ಹತ್ತು ನಿಮಿಷ ಸಾಕು. ಲೆಕ್ಕ ಮುಗಿದ ಮೇಲೆ ಮಗುವಿನ ಕೈಯಲ್ಲಿರುವುದು ಹಿರಿಯರು, ಪತ್ರಿಕೆಗಳು, ದೂರದರ್ಶನ ಎಲ್ಲರೂ ಒಟ್ಟಾಗಿ ಹೇಳಿದ ಮಾತೊಂದನ್ನು ತಾನೇ ಪರಿಶೀಲಿಸಿದ ಅನುಭವ. ಹೆಮ್ಮೆಗೆ ಇದರಿಂದ ಕುಂದಿಲ್ಲ. ಅಪೊಲೊ ನೌಕೆಗಳು ಇಳಿದದ್ದೆಲ್ಲ ಇದಕ್ಕಿಂತ ಚಂದ್ರನ ಸಮಭಾಜಕಕ್ಕೆ ಬಹಳ ಹತ್ತಿರದಲ್ಲಿ. ಚೀನಾದ ಚಾಂಗ್'ಅ-4 ಇಳಿದದ್ದು ಸುಮಾರು 45 ಡಿಗ್ರಿ ದಕ್ಷಿಣದಲ್ಲಿ. 2023ರವರೆಗೆ ಭಾರತದಷ್ಟು ದಕ್ಷಿಣಕ್ಕೆ ಯಾರೂ ಸುರಕ್ಷಿತವಾಗಿ ಇಳಿದಿರಲಿಲ್ಲ. ನಿಜವಾದ ಸಾಧನೆಯೇ ಇಷ್ಟು ದೊಡ್ಡದಿರುವಾಗ ಅದಕ್ಕೆ ಇಲ್ಲದ ಧ್ರುವವನ್ನು ಯಾಕೆ ಅಂಟಿಸಬೇಕು?

ಇನ್ನೊಂದು ಉದಾಹರಣೆ ನೋಡೋಣ. ನಿಯಂತ್ರಣ ಕೊಠಡಿಯ ದೃಶ್ಯಗಳನ್ನು ನೋಡಿದ ಮಗು, ಬೆಂಗಳೂರಿನ ಪೀಣ್ಯದಲ್ಲಿ ಕುಳಿತವರು ವಾಹನ ಓಡಿಸುವ ಹಾಗೆ ನೌಕೆಯನ್ನು ಓಡಿಸುತ್ತಿದ್ದಾರೆ ಎಂದುಕೊಳ್ಳುತ್ತದೆ. ಆ ಮಗುವಿಗೆ ಎರಡು ಸಂಖ್ಯೆ ಕೊಡಿ: ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರ್, ರೇಡಿಯೋ ಸಂಕೇತದ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸಂಕೇತ ಹೋಗಲು 1.3 ಸೆಕೆಂಡು, ಹೋಗಿ ಬರಲು 2.6 ಸೆಕೆಂಡು. ವಿಕ್ರಮ್ ಇಳಿಯಲು ಶುರುಮಾಡಿದಾಗ ಅದರ ವೇಗ ಸೆಕೆಂಡಿಗೆ 1.68 ಕಿಲೋಮೀಟರ್. ಅಂದರೆ ಅಲ್ಲೊಂದು ತೊಂದರೆ ಕಂಡು, ಸುದ್ದಿ ಇಲ್ಲಿಗೆ ಬಂದು, ಇಲ್ಲಿಂದ ಆದೇಶ ಹೋಗಿ ಮುಟ್ಟುವಷ್ಟರಲ್ಲಿ ನೌಕೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ನೌಕೆ ತಾನೇ ನೋಡಿ ತಾನೇ ನಿರ್ಧರಿಸಬೇಕು ಎಂಬ ತೀರ್ಮಾನವನ್ನು ಇನ್ನು ಶಿಕ್ಷಕರು ಹೇಳಬೇಕಾಗಿಲ್ಲ, ಮಗುವೇ ಹೇಳುತ್ತದೆ. ಮಂಗಳದ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣವಾಗುತ್ತದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ ಬೇಕಿತ್ತು. ಎಂಜಿನ್ ಉರಿಯಬೇಕಾಗಿದ್ದದ್ದು ಸುಮಾರು 24 ನಿಮಿಷ, ಅದರ ನಡುವೆ ನೌಕೆ ಮಂಗಳದ ಮರೆಗೂ ಹೋಗಿತ್ತು. ಆದೇಶಗಳನ್ನು ಮುಂಚೆಯೇ ಕಳಿಸಿ ನೌಕೆಯಲ್ಲಿ ಕೂಡಿಡಲಾಗಿತ್ತು. ಆ ಬೆಳಿಗ್ಗೆ ಬೆಂಗಳೂರಿನಲ್ಲಿದ್ದವರು ಮಾಡಬಹುದಾಗಿದ್ದದ್ದು ಕಾಯುವುದೊಂದೇ. ಆಗಿಹೋದ ಸಂಗತಿಯ ಸುದ್ದಿಗಾಗಿ ಅವರು ಕಾಯುತ್ತಿದ್ದರು. ಇದು ತಿಳಿದ ಮಗುವಿಗೆ, ಅಷ್ಟು ದೂರದಿಂದ ಬರುವ ಕ್ಷೀಣ ಸಂಕೇತವನ್ನು ಹಿಡಿಯಲು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ಯಾಕೆ ಬೇಕು ಎಂಬುದೂ ಅರ್ಥವಾಗತೊಡಗುತ್ತದೆ.

ಹೀಗೆ ಲೆಕ್ಕಕ್ಕೆ ಸಿಕ್ಕುವಂಥದ್ದು ಎಟುಕಬಹುದು, ಆದರೆ ಚಿತ್ರಗಳು ಎಲ್ಲಿಂದ ಬರುತ್ತವೆ, ಉಪಕರಣಗಳು ಹೇಗೆ ತಿಳಿಯುತ್ತವೆ ಎಂಬುದು ಎಟುಕದು ಎನ್ನಬಹುದು. 1965ರ ಜುಲೈ ಮಧ್ಯದಲ್ಲಿ ಮ್ಯಾರಿನರ್-4 ಮಂಗಳದ ಪಕ್ಕದಿಂದ ಹಾದುಹೋದ ಕಥೆ ಇದಕ್ಕೆ ಉತ್ತರ. ಅದರ ಒಂದು ಚಿತ್ರವೆಂದರೆ 200 ಸಾಲು, ಸಾಲಿಗೆ 200 ಚುಕ್ಕಿ. ಪ್ರತಿ ಚುಕ್ಕಿಯ ಕಪ್ಪು-ಬಿಳುಪನ್ನು 64 ಮಟ್ಟಗಳಲ್ಲಿ ಒಂದಾಗಿ ಅಳೆದು, ಆರು ಬಿಟ್‌ಗಳ ಒಂದು ಸಂಖ್ಯೆಯಾಗಿ ಕಳಿಸಲಾಗುತ್ತಿತ್ತು. 40,000 ಚುಕ್ಕಿಗೆ 2,40,000 ಬಿಟ್. ಕಳಿಸುವ ವೇಗ ಸೆಕೆಂಡಿಗೆ ಎಂಟೂ ಚಿಲ್ಲರೆ ಬಿಟ್. ಭಾಗಾಕಾರ ಮಾಡಿದರೆ ಒಂದು ಚಿತ್ರಕ್ಕೆ ಎಂಟು ಗಂಟೆ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿದ್ದ ಎಂಜಿನಿಯರುಗಳಿಗೆ ಕಂಪ್ಯೂಟರು ಚಿತ್ರವನ್ನು ಸಿದ್ಧಪಡಿಸುವವರೆಗೆ ತಾಳ್ಮೆ ಉಳಿಯಲಿಲ್ಲ. ಬರುತ್ತಿದ್ದ ಸಂಖ್ಯೆಗಳನ್ನು ಕಾಗದದ ಪಟ್ಟಿಗಳ ಮೇಲೆ ಅಚ್ಚುಹಾಕಿ, ಪಕ್ಕಪಕ್ಕದಲ್ಲಿ ಅಂಟಿಸಿ, ಯಾವ ಸಂಖ್ಯೆಗೆ ಯಾವ ಬಣ್ಣ ಎಂದು ಗೊತ್ತುಮಾಡಿಕೊಂಡು, ಬಣ್ಣದ ಕಡ್ಡಿಗಳಿಂದ ಕೈಯಲ್ಲೇ ತುಂಬಿದರು. ನೌಕೆಯೊಂದು ಹತ್ತಿರದಿಂದ ತೆಗೆದ ಮಂಗಳದ ಮೊದಲ ಚಿತ್ರ ಮನುಷ್ಯರ ಕಣ್ಣಿಗೆ ಬಿದ್ದದ್ದು ಹೀಗೆ. ಇದನ್ನು ಯಾವ ತರಗತಿಯಲ್ಲೂ ಮಾಡಬಹುದು. ಒಂದು ಕೋಣೆಯಲ್ಲಿರುವ ಮಗು ಗ್ರಾಫ್ ಹಾಳೆಯ ಮೇಲಿನ ಚಿತ್ರವನ್ನು ಚೌಕ ಚೌಕವಾಗಿ ನೋಡಿ ಸೊನ್ನೆಯಿಂದ ಏಳರವರೆಗಿನ ಸಂಖ್ಯೆಗಳನ್ನು ಬರೆದು ಕಳಿಸಲಿ, ಇನ್ನೊಂದು ಕೋಣೆಯ ಮಗು ಅವನ್ನೇ ನೋಡಿ ಬಣ್ಣ ತುಂಬಲಿ. ನಡುವೆ ಒಂದು ಸಂಖ್ಯೆ ಬಿಟ್ಟುಹೋದರೆ ಮುಂದಿನದೆಲ್ಲ ಒಂದು ಮನೆ ಸರಿದು ಚಿತ್ರ ಮುರಿಯುತ್ತದೆ. ತಪ್ಪನ್ನು ಪತ್ತೆಮಾಡಲು ಏನಾದರೂ ಉಪಾಯ ಬೇಕು ಎಂದು ಮಕ್ಕಳಿಗೇ ಹೊಳೆಯುತ್ತದೆ. ಪ್ರತಿ ಸಾಲಿನ ಮೊತ್ತವನ್ನೂ ಜೊತೆಗೆ ಕಳಿಸೋಣ ಎಂದು ಯಾರಾದರೊಬ್ಬರು ಹೇಳಿದರೆ, ಅವರು ಸಂವಹನ ಶಾಸ್ತ್ರದ ಒಂದು ಮೂಲ ಯೋಚನೆಗೆ ಬಂದು ಮುಟ್ಟಿದಂತೆ.

ಮ್ಯಾರಿನರ್-4ರ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪಾಠವೂ ಇದೆ. ಅದು ಕಳಿಸಿದ್ದು ಇಪ್ಪತ್ತೆರಡು ಚಿತ್ರ, ಕೊನೆಯದು ಅರೆಬರೆ. ಮಂಗಳದ ಮೇಲೆ ಕಾಲುವೆಗಳಿವೆ, ಅವನ್ನು ತೋಡಿದ ಜೀವಿಗಳಿವೆ ಎಂದು ಪರ್ಸಿವಲ್ ಲೊವೆಲ್ ಅಂಥವರು ಬೆಳೆಸಿದ್ದ ಕಲ್ಪನೆ ಆ ಚಿತ್ರಗಳಲ್ಲಿದ್ದ ಕುಳಿಗಳ ಮುಂದೆ ಬಿದ್ದುಹೋಯಿತು. ಹಾಗಾದರೆ ಮಂಗಳ ಚಂದ್ರನಂತೆಯೇ ಸತ್ತ ಲೋಕ ಎಂದು ಹಲವರು ತೀರ್ಮಾನಿಸಿದರು. ಆದರೆ ಆ ಚಿತ್ರಗಳಲ್ಲಿ ಕಂಡದ್ದು ಗ್ರಹದ ಮೈಯ ನೂರರಲ್ಲಿ ಒಂದು ಪಾಲು ಮಾತ್ರ. 1971ರ ಕೊನೆಗೆ ಮ್ಯಾರಿನರ್-9 ಮಂಗಳದ ಕಕ್ಷೆ ಸೇರಿ, ಧೂಳಿನ ಬಿರುಗಾಳಿ ತಗ್ಗುವವರೆಗೆ ಕಾದು, ಇಡೀ ಗ್ರಹವನ್ನು ನೋಡಿದಾಗ ಅಗಾಧ ಜ್ವಾಲಾಮುಖಿಗಳು, ಸಾವಿರಾರು ಕಿಲೋಮೀಟರ್ ಉದ್ದದ ಕಣಿವೆ, ಬತ್ತಿದ ಹೊಳೆಗಳ ಪಾತ್ರಗಳು ಕಂಡವು. ಒಂದು ಪಾಲನ್ನು ನೋಡಿ ಉಳಿದ ತೊಂಬತ್ತೊಂಬತ್ತನ್ನು ಊಹಿಸುವುದರ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನಮ್ಮ ಪಠ್ಯಕ್ರಮದಲ್ಲಿ ಬೇರೆ ಯಾವುದಿದೆ? ಇಲ್ಲಿ ಮಗು ಕಲಿಯುವುದು ಮಂಗಳದ ಬಗ್ಗೆ ಮಾತ್ರವಲ್ಲ. ನಾಲ್ಕು ಮನೆ ನೋಡಿ ಊರಿನ ಬಗ್ಗೆ, ನಾಲ್ಕು ಜನರನ್ನು ನೋಡಿ ಒಂದು ಜಾತಿ, ಒಂದು ಪ್ರಾಂತ್ಯದ ಬಗ್ಗೆ ತೀರ್ಪು ಕೊಡುವವರಿಗೂ ಇದೇ ಪಾಠ ಬೇಕಾಗಿದೆ.

ಇನ್ನು ಮೊದಲನೆಯ ಮಾತಿಗೆ ಬರೋಣ. ಗೆಲುವಿನ ದೃಶ್ಯದಿಂದ ಮಕ್ಕಳಲ್ಲಿ ಏನೋ ಏಳುತ್ತದೆ ಎಂಬುದು ನಿಜ. ಆದರೆ ಹೆಮ್ಮೆ, ಬೆರಗು, ಕುತೂಹಲ ಈ ಮೂರನ್ನೂ ಒಂದೇ ಹೆಸರಿನಡಿ ಸೇರಿಸಿರುವುದೇ ಗೊಂದಲದ ಮೂಲ. ಹೆಮ್ಮೆ ನಮ್ಮವರು ಗೆದ್ದರು ಎಂಬ ಭಾವ; ಕ್ರಿಕೆಟ್ ಪಂದ್ಯ ಗೆದ್ದಾಗಲೂ ಅದು ಬರುತ್ತದೆ, ಅದರಲ್ಲಿ ತಪ್ಪಿಲ್ಲ, ಆದರೆ ಅದರೊಳಗೆ ಪ್ರಶ್ನೆಯಿರುವುದಿಲ್ಲ. ಬೆರಗಿನಲ್ಲಿ ಪ್ರಶ್ನೆ ಇರಬಹುದು, ಇಲ್ಲದೆಯೂ ಇರಬಹುದು. ಪ್ರಶ್ನೆ ಮತ್ತು ಅದಕ್ಕೆ ಉತ್ತರ ಹುಡುಕುವ ದಾರಿ ಎರಡೂ ಸೇರಿದಾಗ ಮಾತ್ರ ಕುತೂಹಲ ಬೆಳೆಯುತ್ತದೆ. ದಾರಿ ಇಲ್ಲದ ಪ್ರಶ್ನೆಯನ್ನು ಮಗು ಒಂದೆರಡು ಸಲ ಕೇಳಿ ಆಮೇಲೆ ಬಿಟ್ಟುಬಿಡುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಕನ್ನಡದ ಶುಭಾಶಯವೂ ಇದೆ ಎಂದು ಕೇಳಿದ ಮಗುವಿನ ಮುಖ ಅರಳುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಅದು ಹೆಮ್ಮೆ. ಸೂರ್ಯ ಬರಿಯ ಒಂದು ನಕ್ಷತ್ರದಂತೆ ಕಾಣುವಷ್ಟು ದೂರದಲ್ಲಿ, ಸೌರಫಲಕ ಕೆಲಸಕ್ಕೆ ಬಾರದ ಕಡೆ, ಆ ನೌಕೆಗೆ ಇಷ್ಟು ವರ್ಷ ವಿದ್ಯುತ್ತು ಎಲ್ಲಿಂದ ಬರುತ್ತಿದೆ ಎಂದು ಮುಂದುವರಿದರೆ ಪ್ಲುಟೋನಿಯಂ, ಅದರ ಕ್ಷಯ, ಅದು ಕೊಡುವ ಶಾಖ, ಶಾಖದಿಂದ ವಿದ್ಯುತ್ತು, ವರ್ಷ ವರ್ಷಕ್ಕೆ ಕುಗ್ಗುವ ಶಕ್ತಿ, ಒಂದೊಂದೇ ಉಪಕರಣವನ್ನು ಆರಿಸಬೇಕಾದ ಅನಿವಾರ್ಯ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಮೊದಲನೆಯ ಮಾತು ಅರ್ಧ ನಿಜ ಎಂದದ್ದು ಈ ಕಾರಣಕ್ಕೆ: ಬಾಗಿಲವರೆಗೆ ಕರೆದೊಯ್ಯುವ ಶಕ್ತಿ ದೃಶ್ಯಕ್ಕಿದೆ, ಒಳಗೆ ಕರೆದೊಯ್ಯಲು ಬೇರೆ ಏನೋ ಬೇಕು.

ದಾರಿಯನ್ನು ಬಿಟ್ಟು ಮಾಹಿತಿಯನ್ನಷ್ಟೇ ಕೊಟ್ಟರೆ ಆ ಮಾಹಿತಿ ಬಹುಕಾಲ ಬಾಳುವುದೂ ಇಲ್ಲ. ಶನಿಗೆ ಎಷ್ಟು ಉಪಗ್ರಹಗಳು ಎಂಬುದು ರಸಪ್ರಶ್ನೆಗಳ ಅಚ್ಚುಮೆಚ್ಚಿನ ಪ್ರಶ್ನೆ. 2025ರ ಮಾರ್ಚಿನಲ್ಲಿ ಒಮ್ಮೆಗೇ 128 ಹೊಸವು ಸೇರಿ ಸಂಖ್ಯೆ 274ಕ್ಕೆ ಏರಿತು. ನ್ಯೂ ಹೊರೈಜನ್ಸ್ ನೌಕೆ 2006ರ ಜನವರಿಯಲ್ಲಿ ಪ್ಲೂಟೊ ಕಡೆಗೆ ಹೊರಟಾಗ ಪ್ಲೂಟೊ ಗ್ರಹವಾಗಿತ್ತು, ಅದೇ ಆಗಸ್ಟಿನಲ್ಲಿ ಆ ಪಟ್ಟ ಹೋಯಿತು. ಮೋಡ ಕವಿದ ಶುಕ್ರದ ಮೇಲೆ ಜವುಗು ಕಾಡುಗಳಿರಬಹುದು ಎಂದು ಒಂದು ಕಾಲದಲ್ಲಿ ಊಹಿಸಿದ್ದರು. ಸೋವಿಯತ್ ಒಕ್ಕೂಟದ ವೆನೆರಾ ನೌಕೆಗಳು ಇಳಿದು ಅಳೆದಾಗ ಸಿಕ್ಕಿದ್ದು ಸೀಸ ಕರಗಿಸುವ ಬಿಸಿ, ಭೂಮಿಯ ತೊಂಬತ್ತರಷ್ಟು ವಾಯುಒತ್ತಡ. ಚಂದ್ರನಲ್ಲಿ ನೀರಿಲ್ಲ ಎಂದು ಬಾಯಿಪಾಠ ಮಾಡಿದ ಪೀಳಿಗೆಯ ಮಕ್ಕಳು ಈಗ ಚಂದ್ರಯಾನ-1 ನೀರು ಕಂಡುಹಿಡಿಯಿತು ಎಂದು ಬಾಯಿಪಾಠ ಮಾಡುತ್ತಾರೆ. ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ಸರಿ, ಆದರೆ ಕಲಿತ ರೀತಿ ಅದೇ. ಆ ನೀರು ಕೊಳದಲ್ಲಿಲ್ಲ, ಮಣ್ಣಿನ ಖನಿಜಗಳಿಗೆ ಅಂಟಿಕೊಂಡ ಅತ್ಯಲ್ಪ ಪ್ರಮಾಣದ ಅಣುಗಳು ಅವು. ಚಂದ್ರನಿಂದ ಪ್ರತಿಫಲಿಸಿ ಬಂದ ಬೆಳಕಿನಲ್ಲಿ, ಕಣ್ಣಿಗೆ ಕಾಣದ ಮೂರು ಮೈಕ್ರೋಮೀಟರ್ ತರಂಗಾಂತರದ ಹತ್ತಿರ, ಒಂದಿಷ್ಟು ಬೆಳಕು ಕಾಣೆಯಾಗಿತ್ತು. ಅದನ್ನು ಹೀರಿಕೊಳ್ಳುವ ಗುಣ ನೀರಿಗೂ ಅದರ ಸೋದರ ರೂಪವಾದ ಹೈಡ್ರಾಕ್ಸಿಲಿಗೂ ಇದೆ. ಕ್ಯಾಸಿನಿ ಮತ್ತು ಡೀಪ್ ಇಂಪ್ಯಾಕ್ಟ್ ಎಂಬ ಬೇರೆ ಎರಡು ನೌಕೆಗಳ ಅಳತೆಗಳೂ ಅದನ್ನೇ ಹೇಳಿದ್ದರಿಂದ 2009ರ ಸೆಪ್ಟೆಂಬರಿನಲ್ಲಿ ಅದು ನಂಬಲರ್ಹ ಸುದ್ದಿಯಾಯಿತು. ಕಾಣೆಯಾದ ಬೆಳಕಿನಿಂದ ಒಂದು ವಸ್ತುವನ್ನು ಗುರುತಿಸುವುದು, ಅದನ್ನು ಸಂಬಂಧವಿಲ್ಲದ ಇನ್ನೆರಡು ಸಾಕ್ಷಿಗಳಿಂದ ಖಚಿತಪಡಿಸಿಕೊಳ್ಳುವುದು: ಇಷ್ಟನ್ನು ತಿಳಿದ ಮಗುವಿಗೆ ನಾಳೆ ಪಾಠ ಬದಲಾದರೆ ಗಾಬರಿಯಾಗದು.

ತಿಳಿಯದ ಮಗುವಿನ ಗತಿ ಬೇರೆ. ಮಂಗಳದ ಮೇಲೆ ಮನುಷ್ಯಮುಖವಿದೆ ಎನ್ನುವ ವಿಡಿಯೋ, ಚಂದ್ರನಲ್ಲಿ ನೀರಿದೆ ಎನ್ನುವ ಪಾಠ, ಪ್ರಾಚೀನರು ಗ್ರಹದಿಂದ ಗ್ರಹಕ್ಕೆ ಹಾರುತ್ತಿದ್ದರು ಎನ್ನುವ ಭಾಷಣ ಮೂರೂ ಆ ಮಗುವಿಗೆ ಒಂದೇ ಬಗೆಯ ವಾಕ್ಯಗಳಾಗಿ ಕೇಳಿಸುತ್ತವೆ. ಮೂರನ್ನೂ ದೊಡ್ಡವರು ಹೇಳಿದ್ದಾರೆ, ಮೂರೂ ರೋಮಾಂಚನ ಹುಟ್ಟಿಸುತ್ತವೆ. ಪ್ರಾಚೀನ ವಿಮಾನವಿದ್ಯೆಯ ಗ್ರಂಥವೆಂದು ಹೇಳಲಾಗುವ ‘ವೈಮಾನಿಕ ಶಾಸ್ತ್ರ’ವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಪರಿಶೀಲಿಸಿದ ರೀತಿ ನಮ್ಮ ಮಕ್ಕಳಿಗೆ ಗೊತ್ತಿರಬೇಕಾದದ್ದು. ಅವರು ಆ ಗ್ರಂಥವನ್ನು ಓದದೆ ತಳ್ಳಿಹಾಕಲಿಲ್ಲ. ಭಾಷೆಯನ್ನೂ ಹಸ್ತಪ್ರತಿಯ ಇತಿಹಾಸವನ್ನೂ ನೋಡಿ ಅದು ಇಪ್ಪತ್ತನೆಯ ಶತಮಾನದ ಆರಂಭದ್ದೆಂದು ಕಂಡುಕೊಂಡರು. ಅದರಲ್ಲಿ ವಿವರಿಸಿದ ವಿಮಾನಗಳ ಆಕಾರ, ತೂಕ, ಚಲನೆಯನ್ನು ಒಂದೊಂದಾಗಿ ಪರೀಕ್ಷಿಸಿ ಅವು ಹಾರಲಾರವು ಎಂದು ತೋರಿಸಿದರು. ಅವರು ಬಳಸಿದ್ದೂ ಚಂದ್ರಯಾನದವರು ಬಳಸುವುದೂ ಒಂದೇ ವಿಜ್ಞಾನ. ಮಗುವಿಗೆ ಚಂದ್ರಯಾನವನ್ನು ಕೊಟ್ಟು ಆ ವಿಜ್ಞಾನವನ್ನು ಕೊಡದಿದ್ದರೆ, ನಾವು ಆ ಮಗುವನ್ನು ಸುಲಭವಾಗಿ ನಂಬುವ ಮಗುವಾಗಿ ಬೆಳೆಸುತ್ತಿದ್ದೇವೆ. ಸ್ಫೂರ್ತಿಯ ಪಾಠಕ್ಕೆ ಇರುವ ಈ ಬೆಲೆಯನ್ನು ನಾನು ಹಗುರವಾಗಿ ನೋಡಲಾರೆ.

ಸೋಲಿನ ವಿಷಯದಲ್ಲೂ ಇದೇ ಆಗಿದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ನೆಲಕ್ಕೆ ಬಡಿದದ್ದು ಶಾಲೆಯ ಪಾಠದಲ್ಲಿ ಒಂದು ದುಃಖದ ಸಾಲು, ಆಮೇಲಿನ ಗೆಲುವಿಗೆ ಪೀಠಿಕೆ. ಆ ಸೋಲಿನಿಂದ ಏನನ್ನು ಬದಲಿಸಿದರು ಎಂಬುದು ಪಾಠದಲ್ಲಿ ಬರುವುದು ಅಪರೂಪ. ಇಳಿಯಲು ಗೊತ್ತುಮಾಡಿದ ಜಾಗ ಅರ್ಧ ಕಿಲೋಮೀಟರಿನ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಐದು ಎಂಜಿನುಗಳು ನಾಲ್ಕಾದವು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿತು. ಏನೇನು ಸರಿಯಾಗಿ ನಡೆಯಬೇಕು ಎನ್ನುವುದರ ಬದಲು ಏನೇನು ಕೆಡಬಹುದು ಎಂಬಲ್ಲಿಂದ ವಿನ್ಯಾಸ ಶುರುವಾಯಿತು. ಮಕ್ಕಳ ಮುಂದೆ ಎರಡೂ ನೌಕೆಗಳ ವಿವರ ಇಟ್ಟು ಈ ಬದಲಾವಣೆಗಳಲ್ಲಿ ಪ್ರತಿಯೊಂದೂ ಯಾವ ಭಯಕ್ಕೆ ಉತ್ತರ ಎಂದು ಕೇಳಿ ನೋಡಬೇಕು. ಸೋಲಬಾರದು ಎಂಬುದನ್ನಷ್ಟೇ ಕಲಿಸುವ ನಮ್ಮ ಪರೀಕ್ಷಾ ವ್ಯವಸ್ಥೆಯಲ್ಲಿ ಸೋಲನ್ನು ಬಿಚ್ಚಿ ನೋಡುವ ಪಾಠ ಇನ್ನೊಂದಿಲ್ಲ.

ಆಕ್ಷೇಪಗಳಿವೆ, ಕೆಲವಂತೂ ಬಲವಾದವು. ಬೆರಗು ಮೊದಲು ಬರಬೇಕು, ಲೆಕ್ಕವನ್ನು ತಂದರೆ ಬೆರಗು ಸಾಯುತ್ತದೆ ಎನ್ನುವುದು ಒಂದು. ಮೂರು-ನಾಲ್ಕನೆಯ ತರಗತಿಯ ಮಕ್ಕಳ ಮಟ್ಟಿಗೆ ನಾನು ಇದನ್ನು ಒಪ್ಪುತ್ತೇನೆ; ಅವರಿಗೆ ಕಥೆ, ಚಿತ್ರ, ರಾತ್ರಿಯ ಆಕಾಶ ಸಾಕು. ನಾನು ಹೇಳುತ್ತಿರುವುದು ಆರರಿಂದ ಹತ್ತರವರೆಗಿನ ಮಾತು. ಆ ವಯಸ್ಸಿನಲ್ಲಿ ಬೆರಗನ್ನು ಕೊಲ್ಲುವುದು ಅರ್ಥವಿಲ್ಲದೆ ಮಾಡಿಸುವ ಲೆಕ್ಕ. ಎಂಟು ಗಂಟೆಯ ಕಾಯುವಿಕೆಯನ್ನು ತಾನೇ ಭಾಗಾಕಾರ ಮಾಡಿ ಕಂಡುಕೊಂಡ ಮಗು ಮ್ಯಾರಿನರ್ ಚಿತ್ರವನ್ನು ಇನ್ನೂ ಹೆಚ್ಚು ಹೊತ್ತು ನೋಡುತ್ತದೆ.

ಎರಡನೆಯ ಆಕ್ಷೇಪ ಸೂಕ್ಷ್ಮವಾದದ್ದು: ಎಲ್ಲದಕ್ಕೂ ‘ಹೇಗೆ ಗೊತ್ತು?’ ಎಂದು ಕೇಳಲು ಕಲಿಸಿದರೆ, ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ ಎನ್ನುವವರ ಸಾಲಿಗೆ ಮಕ್ಕಳೂ ಸೇರುತ್ತಾರಲ್ಲ? ಆ ಭಯ ನಿರಾಧಾರವಲ್ಲ, ಪ್ರಶ್ನೆ ಕೇಳುವ ಭಂಗಿಯನ್ನಷ್ಟೇ ಕಲಿಸಿದರೆ ಹಾಗಾಗಬಹುದು. ಆದರೆ ಪಿತೂರಿ ಹುಡುಕುವವರ ಸಂಶಯಕ್ಕೂ ವಿಜ್ಞಾನದ ಸಂಶಯಕ್ಕೂ ಒಂದು ವ್ಯತ್ಯಾಸವಿದೆ. ಯಾವ ಸಾಕ್ಷಿ ಸಿಕ್ಕರೆ ನಾನು ಒಪ್ಪುತ್ತೇನೆ ಎಂದು ಎರಡನೆಯದು ಮುಂಚೆಯೇ ಹೇಳುತ್ತದೆ, ಮೊದಲನೆಯದು ಎಂದೂ ಹೇಳುವುದಿಲ್ಲ. ಅಪೊಲೊ ಇಳಿದ ಜಾಗಗಳನ್ನು ಅಮೆರಿಕದ ನೌಕೆ ಮಾತ್ರವಲ್ಲ, ನಮ್ಮ ಚಂದ್ರಯಾನ-2ರ ಕ್ಯಾಮೆರಾವೂ ಚಿತ್ರಿಸಿದೆ. ಅಲ್ಲಿ ಇಟ್ಟುಬಂದ ಪ್ರತಿಫಲಕಗಳಿಂದ ಲೇಸರ್ ಬೆಳಕು ಇಂದಿಗೂ ವಾಪಸು ಬರುತ್ತಿದೆ. ಅಪೊಲೊ ಸುಳ್ಳೆಂದು ಸಾಬೀತಾಗಿದ್ದರೆ ಎಲ್ಲರಿಗಿಂತ ಹೆಚ್ಚು ಲಾಭವಾಗುತ್ತಿದ್ದದ್ದು ಸೋವಿಯತ್ ಒಕ್ಕೂಟಕ್ಕೆ, ಅದು ಹಾಗೆ ಹೇಳಲಿಲ್ಲ. ಸಾಕ್ಷಿಯನ್ನು ತೂಗಲು ಕಲಿಸುವುದೆಂದರೆ ಇದು.

ನನ್ನನ್ನು ನಿಜಕ್ಕೂ ಕಾಡುವುದು ಮೂರನೆಯ ಆಕ್ಷೇಪ. ಇದನ್ನೆಲ್ಲ ಕಲಿಸುವವರು ಯಾರು? ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳಬೇಕು. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆಯ ಕೆಲಸ ಎಲ್ಲವೂ ಅವರದೇ. ಉಪಕರಣಗಳ ಕೊರತೆ ಇಲ್ಲಿ ದೊಡ್ಡ ಅಡ್ಡಿಯಲ್ಲ. ಗ್ರಾಫ್ ಹಾಳೆ, ಚೆಂಡು, ಟಾರ್ಚು ಸಾಕು, ಥರ್ಮಾಕೋಲ್ ಮಾದರಿಗಳಿಗೆ ತಗಲುವ ಖರ್ಚಿಗಿಂತ ಅದು ಕಡಿಮೆ. ಅಡ್ಡಿಯಾಗಿರುವುದು ಸಮಯದ ಮತ್ತು ಓದುವ ಸಾಮಗ್ರಿಯ ಕೊರತೆ. ಯಾನಗಳ ವಿವರಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡಕ್ಕೆ ಹೆಚ್ಚಾಗಿ ಬರುವುದು ಸಮಾರಂಭದ ಸುದ್ದಿ. 1930ರ ದಶಕದಲ್ಲೇ ಶಿವರಾಮ ಕಾರಂತರು ಮಕ್ಕಳಿಗೆಂದು ‘ಬಾಲಪ್ರಪಂಚ’ ಮಾಡಿದ ಭಾಷೆ ಇದು, ಜಿ.ಟಿ. ನಾರಾಯಣ ರಾವ್ ಅಂಥವರು ಖಗೋಳವನ್ನು ಕನ್ನಡದಲ್ಲೇ ಬಿಡಿಸಿ ಹೇಳಿದ್ದಾರೆ; ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಹಲವು ತಲೆಮಾರಿನ ಮಕ್ಕಳನ್ನು ಮುಟ್ಟಿದೆ. ಭಾಷೆ ಸಾಲದು ಎನ್ನುವ ನೆಪ ನಡೆಯದು. ಆದರೆ ಪ್ರತಿ ಯಾನದ ಎರಡು-ಮೂರು ನಿಜವಾದ ಅಳತೆಗಳನ್ನು ತರಗತಿಗೆ ತಕ್ಕ ಹಾಗೆ ಕನ್ನಡದಲ್ಲಿ ಕೊಡುವ ನಾಲ್ಕು ಪುಟ ಕೈಗೆ ಬರದಿದ್ದರೆ, ಎಷ್ಟೇ ಉತ್ಸಾಹದ ಶಿಕ್ಷಕರೂ ಭಾಷಣಕ್ಕೇ ಮರಳುತ್ತಾರೆ, ಅದು ಅವರ ತಪ್ಪಲ್ಲ.

ಪರೀಕ್ಷೆಯಲ್ಲಿ ಬರದಿದ್ದರೆ ಯಾರೂ ಕಲಿಸುವುದಿಲ್ಲ ಎನ್ನುವುದು ಇದರ ಬೆನ್ನಿಗೇ ಬರುವ ಮಾತು. ಹಾಗಾದರೆ ಪರೀಕ್ಷೆಯಲ್ಲೇ ಕೇಳೋಣ. ವಿಕ್ರಮ್ ಹೊತ್ತೊಯ್ದ ತಾಪಮಾಪಕ ಸಲಾಕೆ ಚಂದ್ರನ ಮಣ್ಣಿಗೆ ಇಳಿದು ಅಳೆಯಿತು. ಮೇಲ್ಮೈಯಲ್ಲಿ ಗರಿಷ್ಠ ಸುಮಾರು 82 ಡಿಗ್ರಿ ಸೆಲ್ಸಿಯಸ್ ಸಿಕ್ಕಿತು. ಅಲ್ಲಿಂದ ಒಂದು ಮೀಟರಿನಷ್ಟು ದೂರದ ಸಮತಟ್ಟು ಜಾಗದಲ್ಲಿ ಸುಮಾರು 60. ಕೆಲವೇ ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ ಕೆಳಗಿನ ಚಳಿ. ಸಲಾಕೆ ಇಳಿದ ಜಾಗ ಸೂರ್ಯನ ಕಡೆಗೆ ಸುಮಾರು 6 ಡಿಗ್ರಿ ವಾಲಿತ್ತು, ಆ ಅಕ್ಷಾಂಶದಲ್ಲಿ ಸೂರ್ಯ ದಿಗಂತದಿಂದ ಸುಮಾರು 21 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಇಷ್ಟನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟು ಎಂಟನೆಯ ತರಗತಿಯ ಮಗುವಿಗೆ ಮೂರು ಪ್ರಶ್ನೆ ಕೇಳಬಹುದು: ಒಂದೇ ಸೂರ್ಯನ ಕೆಳಗೆ ಎರಡು ಜಾಗಗಳ ಬಿಸಿ ಬೇರೆಯಾದದ್ದು ಯಾಕೆ? ಮೇಲಿನ ಬಿಸಿ ಕೆಳಗೆ ಇಳಿಯದಿರುವುದು ಆ ಮಣ್ಣಿನ ಬಗ್ಗೆ ಏನು ಹೇಳುತ್ತದೆ? ಸೂರ್ಯನಿಗೆ ಬೆನ್ನು ಹಾಕಿದ ಇಳಿಜಾರಿನಲ್ಲಿ ಹಿಮ ಇರಬಹುದೇ ಎಂದು ತಿಳಿಯಲು ಮುಂದಿನ ನೌಕೆ ಏನನ್ನು ಅಳೆಯಬೇಕು? ಹತ್ತನೆಯ ತರಗತಿಯಲ್ಲಾದರೆ 27 ಡಿಗ್ರಿಯ ಮತ್ತು 21 ಡಿಗ್ರಿಯ ಸೈನ್ ಬೆಲೆಗಳನ್ನು ಹೋಲಿಸಿ, ವಾಲಿದ ನೆಲಕ್ಕೆ ಬೀಳುವ ಬಿಸಿಲು ಕಾಲುಭಾಗದಷ್ಟು ಹೆಚ್ಚು ಎಂದು ತೋರಿಸಲೂ ಹೇಳಬಹುದು. ಮೂರನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ, ಮೌಲ್ಯಮಾಪಕರು ಮಗು ಕೊಟ್ಟ ಕಾರಣವನ್ನು ಓದಿ ಅಂಕ ಕೊಡಬೇಕಾಗುತ್ತದೆ. ಒಪ್ಪಬಹುದಾದ ಐದಾರು ಮಾದರಿ ಉತ್ತರಗಳನ್ನು ಪ್ರಶ್ನೆಪತ್ರಿಕೆಯ ಜೊತೆಗೇ ಸಿದ್ಧಪಡಿಸಿ ಕೊಡುವುದು ಇಲಾಖೆಯ ಕೈಯಲ್ಲಾಗದ ಕೆಲಸವೇನಲ್ಲ.